ಹೊಸ ಕ್ರೈಸ್ತ ಗ್ರಂಥಗಳು ಮತ್ತು ನಮ್ಮ ಮನೆಗಳ ವಿಶ್ವಾಸ

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣದ ಪಾಠ)



ನೂರು ವರ್ಷಗಳ ಹಿಂದೆ ಈ ದೇವಾಲಯದ ತಳಪಾಯಕ್ಕೆ ಕಲ್ಲು ಹೊತ್ತ ನಮ್ಮ ಹಿರಿಯರ ಪೈಕಿ ಬಹುಮಂದಿಯ ಮನೆಗಳಲ್ಲಿ ಪವಿತ್ರ ಗ್ರಂಥದ ಒಂದು ಪ್ರತಿಯೂ ಇದ್ದಿರಲಾರದು. ಅವರನ್ನು ಆಕ್ಷೇಪಿಸಲೆಂದು ನಾವು ಈ ಮಾತನ್ನು ಎತ್ತುತ್ತಿಲ್ಲ. ಓದುಬರಹ ಬಲ್ಲವರೇ ವಿರಳವಾಗಿದ್ದ ಆ ಕಾಲದಲ್ಲಿ ಸಂಜೆಯ ಜಪಸರ, ಬಾಯಿಪಾಠದ ಜ್ಞಾನೋಪದೇಶ, ತಪಸ್ಸುಕಾಲದ ಶಿಲುಬೆಯ ಹಾದಿ, ಅಜ್ಜಿ ಹೇಳಿದ ಸಂತರ ಕಥೆ, ಇವುಗಳಿಂದಲೇ ಅವರು ತಮ್ಮ ಮಕ್ಕಳ ವಿಶ್ವಾಸವನ್ನು ಕಟ್ಟಿದರು. ಆ ಕೆಲಸ ಗಟ್ಟಿಯಾಗಿತ್ತೆಂಬುದಕ್ಕೆ ಇಲ್ಲಿ ನೆರೆದಿರುವ ಈ ಸಭೆಯೇ ಸಾಕ್ಷಿ. ಇಂದು ಬೈಬಲ್ ಇಲ್ಲದ ಕಥೋಲಿಕ ಮನೆಯನ್ನು ಹುಡುಕುವುದು ಕಷ್ಟ. ಮದುವೆಯ ದಿನ ಉಡುಗೊರೆಯಾಗಿ ಬಂದ, ಹೊನ್ನಿನ ಬಣ್ಣದ ಅಂಚುಳ್ಳ ದಪ್ಪ ಗ್ರಂಥವು ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ ಗಾಜಿನ ಕಪಾಟಿನಲ್ಲಿ ಭದ್ರವಾಗಿದೆ. ಎಷ್ಟು ಭದ್ರವೆಂದರೆ, ಹಲವು ಮನೆಗಳಲ್ಲಿ ಅದರ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇವೆ.

ಬೈಬಲ್ ಅಧ್ಯಯನ, ಶಿಷ್ಯತ್ವ, ಕುಟುಂಬದ ವಿಶ್ವಾಸ, ಈ ಮೂರಕ್ಕೂ ಸಂಬಂಧಿಸಿದ ಹೊಸ ಗ್ರಂಥಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಗುರುಗಳ ಅಪ್ಪಣೆಯಾಗಿದೆ. ಪುಸ್ತಕಗಳ ಪಟ್ಟಿಯನ್ನೇ ಓದಿ ಹೇಳುವುದಾದರೆ ಆ ಕೆಲಸವನ್ನು ಪುಸ್ತಕದಂಗಡಿಯವರು ನಮಗಿಂತ ಚೆನ್ನಾಗಿ ಮಾಡಿಯಾರು. ಆದುದರಿಂದ ನಾವು ಒಂದೇ ಪ್ರಶ್ನೆಯನ್ನು ಹಿಡಿದು ಹೊರಟಿದ್ದೇವೆ. ಮನೆಯ ಅತಿ ಹಿರಿಯರೂ ಅತಿ ಕಿರಿಯರೂ ಒಂದೆಡೆ ಕುಳಿತು ಕೇಳಬಲ್ಲ ಪುಸ್ತಕ ಯಾವುದು? ಆ ಪುಸ್ತಕಕ್ಕೆ ಸಹಾಯಕವಾಗಿ ನಿಲ್ಲಬಲ್ಲವು ಯಾವುವು?

ಈ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್‌ರಿಗೂ ಇದೇ ಚಿಂತೆ ಕಾಡಿತ್ತು. ಹೊಸದಾಗಿ ದೀಕ್ಷಾಸ್ನಾನ ಪಡೆದ ಜನರು ತಮ್ಮ ಹಳೆಯ ಪುರಾಣಗಳನ್ನು ಬಿಟ್ಟು ಬಂದಿದ್ದರು. ಸಂಜೆಯ ಹೊತ್ತು ಕುಳಿತು ಕೇಳಲು ಅವರಿಗೆ ಬೇರೇನೂ ಇರಲಿಲ್ಲ. ಈ ಕೊರತೆಯನ್ನು ನೀಗಿಸಲು ಅವರು ಸೃಷ್ಟಿಯಿಂದ ಮೊದಲ್ಗೊಂಡು ಪ್ರಭುವಿನ ಸ್ವರ್ಗಾರೋಹಣದವರೆಗಿನ ರಕ್ಷಣೆಯ ಕಥೆಯನ್ನು ಕೊಂಕಣಿ ಬೆರೆತ ಮರಾಠಿಯಲ್ಲಿ, ಸುಮಾರು 11 ಸಾವಿರ ಓವಿಗಳಲ್ಲಿ ಹಾಡಿದರು. ಅದೇ 1616ರಲ್ಲಿ ರಾಚೋಲಿನಲ್ಲಿ ಅಚ್ಚಾದ ಕ್ರಿಸ್ತಪುರಾಣ. ಕಾವ್ಯದ ಮೊದಲ ಭಾಗ ಹಳೆಯ ಒಡಂಬಡಿಕೆ, ಎರಡನೆಯದು ಹೊಸ ಒಡಂಬಡಿಕೆ. ಆ ಕಾಲದಲ್ಲಿ ಅಚ್ಚಾದ ಪ್ರತಿಗಳಲ್ಲಿ ಒಂದೂ ಉಳಿದಿಲ್ಲ. ಆದರೂ ಕಾವ್ಯ ಉಳಿಯಿತು, ಏಕೆಂದರೆ ಜನರು ಅದನ್ನು ಕೈಯಿಂದ ನಕಲು ಮಾಡಿಕೊಂಡರು, ಮನೆಗಳಲ್ಲಿ ಹಾಡಿದರು. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಬಳಲಿದ ಕರಾವಳಿಯ ಕ್ರೈಸ್ತರಿಗೆ ಈ ಓವಿಗಳೇ ಸಾಂತ್ವನ ನೀಡಿದವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕೊನೆಗೆ ಅಂತಹ ಕೈಬರಹದ ಪ್ರತಿಗಳನ್ನು ಕೂಡಿಸಿ ಹೋಲಿಸಿ ಜೋಸೆಫ್ ಸಲ್ಡಾನ್ಹರು 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದರು. ಪುಸ್ತಕವನ್ನು ಕಾಪಾಡಿದ್ದು ಕಪಾಟಲ್ಲ, ಮನೆಮಂದಿಯ ಕಂಠ ಎಂಬ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಕನ್ನಡದಲ್ಲಿ ಸಂಪೂರ್ಣ ಬೈಬಲನ್ನು ಮೊದಲು ಅಚ್ಚಿಗೆ ತಂದವರು ನಮ್ಮವರಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಪರಿಶ್ರಮದಿಂದ 1831ರಲ್ಲಿ ಅದು ಪೂರ್ಣಗೊಂಡಿತು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದು ಕನ್ನಡದ ಕ್ರೈಸ್ತ ಸಾಹಿತ್ಯಕ್ಕೆ ಮಾತ್ರವಲ್ಲ, ಕನ್ನಡಕ್ಕೇ ಉಪಕಾರ ಮಾಡಿದರು. ಈ ಋಣವನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿರಬೇಕಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಹೊರಡಿಸಿದ ದೈವಪ್ರಕಟಣೆಯ ಸಂವಿಧಾನವು ಎರಡು ಬಾಗಿಲುಗಳನ್ನು ಒಟ್ಟಿಗೇ ತೆರೆಯಿತು. ಪವಿತ್ರ ಗ್ರಂಥವು ಎಲ್ಲ ವಿಶ್ವಾಸಿಗಳ ಕೈಗೂ ಸುಲಭವಾಗಿ ಎಟುಕುವಂತಿರಬೇಕೆಂಬುದು ಒಂದು. ಧರ್ಮಸಭೆಯ ಅಧಿಕಾರಿಗಳ ಒಪ್ಪಿಗೆಯೊಡನೆ ಬೇರೆ ಸಭೆಗಳ ಸಹೋದರರ ಜೊತೆಗೂಡಿ ಭಾಷಾಂತರ ಮಾಡಬಹುದೆಂಬುದು ಇನ್ನೊಂದು. ಎರಡು ವರ್ಷಗಳಲ್ಲೇ, 1967ರಲ್ಲಿ, ಗುರು ಅಮಲೋರ್ಪವದಾಸರ ನೇತೃತ್ವದಲ್ಲಿ ಬೈಬಲ್, ಧರ್ಮೋಪದೇಶ ಹಾಗೂ ಆರಾಧನಾ ವಿಧಿಗಳ ರಾಷ್ಟ್ರೀಯ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪನೆಯಾಯಿತು. 1969ರಲ್ಲಿ ಬಲಿಪೂಜೆಯ ವಾಚನಗಳಿಗೆ ಮೂರು ವರ್ಷಗಳ ಚಕ್ರ ಬಂದಿತು. ಅಂದಿನಿಂದ ಭಾನುವಾರ ತಪ್ಪದೆ ದೇವಾಲಯಕ್ಕೆ ಬರುವವನು ಮೂರು ವರ್ಷಗಳಲ್ಲಿ ಮತ್ತಾಯ, ಮಾರ್ಕ, ಲೂಕರನ್ನು ಕ್ರಮವಾಗಿ ಕೇಳುತ್ತಾನೆ. ಯೊವಾನ್ನರು ತಪಸ್ಸುಕಾಲದಲ್ಲಿಯೂ ಪಾಸ್ಕಕಾಲದಲ್ಲಿಯೂ ಬರುತ್ತಾರೆ. ಬೈಬಲ್ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯಕ್ರಮ ಬೇರೆಲ್ಲಿಯೂ ಮಾರಾಟಕ್ಕಿಲ್ಲವೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಬೆಲೆಯನ್ನೂ ಕೊಡಬೇಕಾಗಿಲ್ಲ.

ಆದರೆ ಓದಿದ್ದು ಅರ್ಥವಾಗಬೇಕಷ್ಟೆ? ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಯೆಶಾಯನ ಪ್ರವಾದನೆಯನ್ನು ಗಟ್ಟಿಯಾಗಿ ಓದುತ್ತಿದ್ದ ಪ್ರಸಂಗವಿದೆ. ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪನು ಕೇಳಿದಾಗ, ಹೇಳಿಕೊಡುವವರಿಲ್ಲದೆ ಹೇಗಾದೀತು ಎಂದು ಆತ ಮರುಪ್ರಶ್ನೆ ಹಾಕುತ್ತಾನೆ. ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಅಧ್ಯಯನ ಬೈಬಲ್ ಎಂದು ಇಂದು ಕರೆಯಲಾಗುವ ಗ್ರಂಥದ ಕೆಲಸ ಈ ಫಿಲಿಪ್ಪನ ಕೆಲಸವೇ. ಮೇಲೆ ಮೂಲಪಾಠ, ಕೆಳಗೆ ಟಿಪ್ಪಣಿ, ಅಂಚಿನಲ್ಲಿ ಇದೇ ಮಾತು ಬೇರೆಲ್ಲಿ ಬಂದಿದೆಯೆಂಬ ಸೂಚನೆ, ಪ್ರತಿ ಪುಸ್ತಕದ ಮೊದಲು ಅದನ್ನು ಬರೆದವರಾರು, ಯಾರಿಗಾಗಿ, ಯಾವ ಸಂದರ್ಭದಲ್ಲಿ ಎಂಬ ಪೀಠಿಕೆ. 1956ರಲ್ಲಿ ಫ್ರೆಂಚ್ ಭಾಷೆಯಲ್ಲಿಯೂ 1966ರಲ್ಲಿ ಇಂಗ್ಲಿಷಿನಲ್ಲಿಯೂ ಬಂದ ಜೆರೂಸಲೇಮ್ ಬೈಬಲ್ ಈ ಮಾದರಿಗೆ ಹೆಸರಾಯಿತು. ಸ್ಕಾಟ್ ಹಾನ್ ಮತ್ತು ಕರ್ಟಿಸ್ ಮಿಚ್‌ರು ಟಿಪ್ಪಣಿಗಳನ್ನು ಒದಗಿಸಿರುವ ಇಗ್ನೇಷಿಯಸ್ ಕಥೋಲಿಕ ಅಧ್ಯಯನ ಬೈಬಲಿನ ಹೊಸ ಒಡಂಬಡಿಕೆ 2010ರಲ್ಲಿ ಬಂದಿತ್ತು. ಸಂಪೂರ್ಣ ಗ್ರಂಥ 2024ರಲ್ಲಿ ಪ್ರಕಟವಾಯಿತು. ಧರ್ಮೋಪದೇಶದ ಶಿಕ್ಷಕರಿಗೆ, ಪ್ರಾರ್ಥನಾಕೂಟಗಳ ಮುಂದಾಳುಗಳಿಗೆ ಇದು ನಿಧಿಯೇ ಸರಿ. ಆದರೆ ಕುಟುಂಬದ ಮೊದಲ ಪುಸ್ತಕವಾಗಿ ಇದನ್ನು ಕೊಳ್ಳಿರೆಂದು ನಾವು ಹೇಳಲಾರೆವು. ಗಾತ್ರ ದೊಡ್ಡದು, ಅಕ್ಷರ ಸಣ್ಣದು, ಭಾಷೆ ಇಂಗ್ಲಿಷು.

ಟಿಪ್ಪಣಿಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯ. 2008ರಲ್ಲಿ ಮುಂಬಯಿಯಲ್ಲಿ ಬಿಡುಗಡೆಯಾದ ಹೊಸ ಸಮುದಾಯ ಬೈಬಲ್ ಭಾರತೀಯ ಓದುಗರನ್ನೇ ಕಣ್ಣ ಮುಂದಿಟ್ಟುಕೊಂಡು ಸಿದ್ಧವಾದುದು. ಅದರ ಟಿಪ್ಪಣಿಗಳಲ್ಲಿ ಈ ದೇಶದ ಧರ್ಮಗ್ರಂಥಗಳ ಉಲ್ಲೇಖವಿತ್ತು; ಚಿತ್ರಗಳಲ್ಲಿ ಮಾತೆ ಮರಿಯಮ್ಮನವರು ಸೀರೆಯುಟ್ಟಿದ್ದರು. ಇದನ್ನು ಮೆಚ್ಚಿದವರೂ ಇದ್ದರು, ಆಕ್ಷೇಪಿಸಿದವರೂ ಇದ್ದರು. ಆಕ್ಷೇಪ ಕ್ರೈಸ್ತರಿಂದಲೂ ಹಿಂದೂಗಳಿಂದಲೂ ಬಂದಿತು. ಕೊನೆಗೆ 2011ರಲ್ಲಿ ಪರಿಷ್ಕೃತ ಆವೃತ್ತಿ ಹೊರಬಂದಿತು. ಸೀರೆಯುಟ್ಟ ಮಾತೆಯ ಚಿತ್ರದಿಂದ ನಮಗೇನೂ ನೋವಾಗಲಿಲ್ಲವೆಂದು ಇಲ್ಲಿ ಸೇರಿಸಿಬಿಡುತ್ತೇವೆ. ನಮ್ಮ ಹಳ್ಳಿಯ ಗುಡಿಗಳಲ್ಲಿ ಆರೋಗ್ಯಮಾತೆಗೆ ಸೀರೆಯುಡಿಸುವುದನ್ನು ಕಂಡೇ ಬೆಳೆದವರು ನಾವು. ಇಲ್ಲಿ ಗಮನಿಸಬೇಕಾದುದು ಇಷ್ಟೇ: ಗೆರೆಯ ಮೇಲಿರುವುದು ದೇವರ ವಾಕ್ಯ, ಗೆರೆಯ ಕೆಳಗಿರುವುದು ಪಂಡಿತರ ವಿವರಣೆ. ವಿವರಣೆಯನ್ನು ತಿದ್ದಬಹುದು. ಮನೆಯಲ್ಲಿ ಓದುವಾಗ ಮೊದಲು ಮೇಲಿನದನ್ನು ಪೂರ್ತಿ ಓದಿ ಮುಗಿಸಿ, ಅನಂತರವೇ ಕೆಳಗಿನದಕ್ಕೆ ಇಳಿಯುವುದು ಒಳ್ಳೆಯದು.

ಕೊಳ್ಳುವ ಮುನ್ನ ಪರಿಶೀಲಿಸಬೇಕಾದುದೇನೆಂದು ಹಲವರು ಕೇಳುತ್ತಾರೆ. ಮುಖಪುಟವನ್ನು ತಿರುವಿದೊಡನೆ, ಮುದ್ರಣದ ವಿವರಗಳಿರುವಲ್ಲಿ ಇಂಪ್ರಿಮಾತುರ್ ಎಂಬ ಲತೀನ್ ಪದವನ್ನೋ ಧರ್ಮಾಧ್ಯಕ್ಷರ ಅನುಮತಿಯ ಸಾಲನ್ನೋ ಹುಡುಕಿರಿ. ಪುಸ್ತಕದಲ್ಲಿನ ಪ್ರತಿಯೊಂದು ಅಭಿಪ್ರಾಯವನ್ನೂ ಧರ್ಮಾಧ್ಯಕ್ಷರು ಅನುಮೋದಿಸಿದ್ದಾರೆಂದು ಅದರ ಅರ್ಥವಲ್ಲ. ವಿಶ್ವಾಸಕ್ಕೂ ನೀತಿಗೂ ವಿರುದ್ಧವಾದುದು ಅದರಲ್ಲಿಲ್ಲವೆಂದು ಅರ್ಥ. ಇನ್ನು ಬೈಬಲಾದರೆ ಪುಸ್ತಕಗಳ ಸಂಖ್ಯೆಯನ್ನು ಎಣಿಸಿ ನೋಡಿರಿ. 1546ರಲ್ಲಿ ತ್ರೆಂತ್ ಮಹಾಸಭೆಯು ದೃಢಪಡಿಸಿದಂತೆ ನಮ್ಮ ಬೈಬಲಿನಲ್ಲಿ 73 ಪುಸ್ತಕಗಳಿವೆ. ಪ್ರೊಟೆಸ್ಟೆಂಟ್ ಸಭೆಗಳ ಬೈಬಲಿನಲ್ಲಿ 66. ಸಾಮಾನ್ಯ ಭಾಷೆಯ ಕನ್ನಡ ಬೈಬಲ್ ಉಳಿದ ಏಳನ್ನೂ ಒಳಗೊಂಡು ದೊರೆಯುತ್ತದೆ. ಅಂಗಡಿಯಲ್ಲಿ ಕೈಗೆ ಸಿಕ್ಕಿದ ಪ್ರತಿಯನ್ನು ತಂದವರು ಈ ಏಳರಿಂದ ವಂಚಿತರಾಗುತ್ತಾರೆ, ಮತ್ತು ಆ ಏಳರಲ್ಲಿಯೇ ಸಂಸಾರಸ್ಥರು ತಪ್ಪದೆ ಓದಬೇಕಾದ ಒಂದು ಪುಸ್ತಕವಿದೆ.

ಅದು ತೊಬೀತನ ಗ್ರಂಥ. ಕೇವಲ 14 ಅಧ್ಯಾಯಗಳು. ಪರದೇಶದಲ್ಲಿ ಸೆರೆಯಾಗಿ ಬಾಳುವ ತೊಬೀತನು ಅನಾಥ ಶವಗಳನ್ನು ಹೂಳುವ ಪುಣ್ಯಕಾರ್ಯ ಮಾಡಿ, ಅದೇ ರಾತ್ರಿ ಅಂಗಳದಲ್ಲಿ ಮಲಗಿದ್ದಾಗ ಹಕ್ಕಿಯ ಹಿಕ್ಕೆ ಕಣ್ಣಿಗೆ ಬಿದ್ದು ಕುರುಡನಾಗುತ್ತಾನೆ. ಮನೆ ನಡೆಸುವ ಭಾರ ಹೆಂಡತಿ ಅನ್ನಳ ಮೇಲೆ ಬೀಳುತ್ತದೆ. ಆಕೆ ಬಟ್ಟೆ ನೇಯ್ದು ಕೂಲಿ ತರುತ್ತಾಳೆ. ಒಂದು ದಿನ ಒಡೆಯರು ಕೂಲಿಯ ಮೇಲೆ ಸಂತೋಷದಿಂದ ಒಂದು ಆಡಿನ ಮರಿಯನ್ನೂ ಕೊಡುತ್ತಾರೆ. ಮರಿಯ ಅರಚಾಟ ಕೇಳಿದ ಕುರುಡ ಗಂಡನು, ಇದು ಕದ್ದ ಮಾಲು, ಹಿಂತಿರುಗಿಸಿ ಬಾ ಎನ್ನುತ್ತಾನೆ. ಆಕೆ ಎಷ್ಟು ಹೇಳಿದರೂ ನಂಬುವುದಿಲ್ಲ. ಆಗ ಅನ್ನಳು ಸಿಡಿದೆದ್ದು, ನಿನ್ನ ದಾನಧರ್ಮಗಳೆಲ್ಲ ಈಗೆಲ್ಲಿ ಹೋದವೆಂದು ಚುಚ್ಚುತ್ತಾಳೆ. ಇಬ್ಬರೂ ಒಳ್ಳೆಯವರು, ಇಬ್ಬರೂ ನೊಂದವರು, ಇಬ್ಬರ ಮಾತೂ ಕಹಿ. ಕೆಲಸ ಕಳೆದುಕೊಂಡ ಗಂಡ, ದುಡಿದು ತರುವ ಹೆಂಡತಿ, ಅವಳು ತಂದುದರ ಮೇಲೆ ಅವನ ಸಂಶಯ: ಇದು ನಮ್ಮ ಕೇರಿಗಳಲ್ಲಿ ನಡೆಯದ ಸಂಗತಿಯೇ? ಪವಿತ್ರ ಗ್ರಂಥದಲ್ಲಿ ಇಂತಹ ಜಗಳವೂ ಇದೆಯೆಂದು ಅರಿತ ದಂಪತಿಗಳು ಆ ಗ್ರಂಥವನ್ನು ಮತ್ತೆ ಕಪಾಟಿಗೆ ಸೇರಿಸಲಾರರು. ಕಥೆ ಅಲ್ಲಿಗೆ ನಿಲ್ಲುವುದೂ ಇಲ್ಲ. ತಂದೆ ಮಗನಿಗೆ ಹೇಳುವ ಬುದ್ಧಿಮಾತುಗಳಿವೆ. ಮಗ ದೂರದೇಶಕ್ಕೆ ಹೊರಟಾಗ ತಾಯಿಯ ಅಳುವಿದೆ. ಜೊತೆಗೆ ನಡೆವ ಅಪರಿಚಿತನು ದೇವದೂತ ರಫಾಯೇಲನೆಂಬ ಗುಟ್ಟಿದೆ. ಮದುವೆಯ ರಾತ್ರಿ ನವದಂಪತಿಗಳು ಎದ್ದು ನಿಂತು ಮಾಡುವ ಪ್ರಾರ್ಥನೆಯಿದೆ. ದಾರಿಯಲ್ಲಿ ಅವರ ಹಿಂದೆಯೇ ಹೋಗುವ ನಾಯಿಯೂ ಇದೆ. ಮಕ್ಕಳು ಆ ನಾಯಿಯನ್ನು ಖಂಡಿತ ಮರೆಯಲಾರರು.

ಶಿಷ್ಯತ್ವವನ್ನು ಕುರಿತ ಪುಸ್ತಕಗಳಿಗೆ ಬರೋಣ. ಅಮೆರಿಕದ ಶೆರಿ ವೆಡ್ಡೆಲ್‌ರವರು 2012ರಲ್ಲಿ ಪ್ರಕಟಿಸಿದ ಗ್ರಂಥವೊಂದು ಧರ್ಮಕೇಂದ್ರಗಳಲ್ಲಿ ಬಹಳ ಚರ್ಚೆಗೆ ಕಾರಣವಾಯಿತು. ಬುದ್ಧಿಪೂರ್ವಕ ಶಿಷ್ಯರನ್ನು ರೂಪಿಸುವುದು ಹೇಗೆಂಬುದೇ ಅದರ ವಿಷಯ. ದೀಕ್ಷಾಸ್ನಾನ ಪಡೆದು ಭಾನುವಾರದ ಪೂಜೆಗೆ ಬರುವವರೆಲ್ಲರೂ ಯೇಸುಸ್ವಾಮಿಯನ್ನು ತಾವಾಗಿ ಆರಿಸಿಕೊಂಡು ಹಿಂಬಾಲಿಸುವವರೆಂದು ಭಾವಿಸಬಾರದೆಂದು ಆಕೆ ವಾದಿಸುತ್ತಾರೆ. ನಂಬುಗೆ, ಕುತೂಹಲ, ತೆರೆದ ಮನಸ್ಸು, ಅನ್ವೇಷಣೆ, ಕೊನೆಗೆ ಶಿಷ್ಯತ್ವ ಎಂದು ಐದು ಹೊಸ್ತಿಲುಗಳನ್ನು ಗುರುತಿಸುತ್ತಾರೆ. ಅಮೆರಿಕದ ಸ್ಥಿತಿ ಬೇರೆ, ನಮ್ಮದು ಬೇರೆ. ಇಲ್ಲಿ ಹಬ್ಬ, ತೇರು, ನೆಂಟಸ್ತಿಕೆ, ಸಾವು ನೋವುಗಳ ಮೂಲಕ ಜನರು ದೇವಾಲಯಕ್ಕೆ ಹೊಂದಿಕೊಂಡಿದ್ದಾರೆ. ಈ ಬಂಧವನ್ನು ಹಗುರವಾಗಿ ಕಾಣುವುದು ತಪ್ಪು. ಆದರೂ ಆಕೆಯ ಮೊದಲ ಹೊಸ್ತಿಲು ನಮ್ಮನ್ನು ಯೋಚನೆಗೀಡುಮಾಡುತ್ತದೆ. ನಮ್ಮ ಯುವಕರಲ್ಲಿ ಕೆಲವರು ಬೇರೆ ಪ್ರಾರ್ಥನಾ ಸಭೆಗಳಿಗೆ ಹೋಗತೊಡಗಿರುವುದನ್ನು ನಾವೆಲ್ಲ ಬಲ್ಲೆವು. ಅವರನ್ನು ಬೈಯುವುದರಿಂದ ಯಾರೂ ಮರಳಿಲ್ಲ. ಅಲ್ಲಿ ತಮ್ಮ ಕೈಗೆ ಬೈಬಲ್ ಕೊಟ್ಟು ಪ್ರಶ್ನೆ ಕೇಳಲು ಬಿಟ್ಟರೆಂದು ಅವರಲ್ಲಿ ಹಲವರು ಹೇಳುತ್ತಾರೆ. ಮನೆಯಲ್ಲಿ ಅವರು ಪ್ರಶ್ನೆ ಕೇಳಿದಾಗ ಸುಮ್ಮನಿರು ಎಂದು ಗದರಿಸಿದವರು ಯಾರೆಂಬುದನ್ನು ಹೆತ್ತವರು ಯೋಚಿಸಬೇಕು.

ಬೇರೆ ಸಭೆಯವರು ಬರೆದ ಪುಸ್ತಕಗಳನ್ನು ಓದಬಹುದೇ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರ ಕೊಡೋಣ. ವಿವೇಚನೆಯಿಂದ, ಗುರುಗಳ ಸಲಹೆ ಪಡೆದು ಓದಬಹುದು. ಜರ್ಮನಿಯ ಲೂಥರನ್ ಬೋಧಕ ಡೀಟ್ರಿಚ್ ಬಾನ್‌ಹಾಫರ್ 1937ರಲ್ಲಿ ಶಿಷ್ಯತ್ವದ ಬೆಲೆಯನ್ನು ಕುರಿತು ಬರೆದರು. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಅಂತಹವರ ಪುಸ್ತಕದ ಮುಂದೆ ನಾವು ತಲೆಬಾಗುತ್ತೇವೆ. ಆದರೆ ಲೋಕಾಂತ್ಯದ ದಿನಾಂಕವನ್ನು ಲೆಕ್ಕಹಾಕಿ ತಿಳಿಸುವ ಪುಸ್ತಕಗಳು, ಕಾಣಿಕೆ ಕಳುಹಿಸಿದರೆ ಸಾಲ ತೀರುವುದೆಂದು ಆಶ್ವಾಸನೆ ಕೊಡುವ ಪುಸ್ತಕಗಳು ಯಾರದೇ ಆಗಿರಲಿ, ಅವು ಮನೆಯೊಳಕ್ಕೆ ಬಾರದಿರಲಿ.

ಕುಟುಂಬವನ್ನು ಮನೆಯ ಧರ್ಮಸಭೆಯೆಂದು ವ್ಯಾಟಿಕನ್ ಮಹಾಸಭೆಯು ಕರೆದಿತ್ತು. ಜಗದ್ಗುರು ಎರಡನೆಯ ಜಾನ್ ಪೌಲರು 1981ರ ತಮ್ಮ ಪ್ರಬೋಧನೆಯಲ್ಲಿ ಆ ಮಾತನ್ನು ವಿಸ್ತರಿಸಿದರು. 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸ್‌ರು 2016ರಲ್ಲಿ ಬರೆದ ಪ್ರೀತಿಯ ಆನಂದವೆಂಬ ಪ್ರಬೋಧನೆಯ ನಾಲ್ಕನೆಯ ಅಧ್ಯಾಯವನ್ನು ಮಾತ್ರ ನಾವು ಇಲ್ಲಿ ಹೆಸರಿಸುತ್ತೇವೆ. ಸಂತ ಪೌಲರು ಕೊರಿಂಥದವರಿಗೆ ಪ್ರೀತಿಯನ್ನು ಕುರಿತು ಬರೆದುದನ್ನು ಒಂದೊಂದೇ ಪದವಾಗಿ ಬಿಡಿಸಿ, ಗಂಡಹೆಂಡಿರ ನಿತ್ಯಜೀವನಕ್ಕೆ ಅನ್ವಯಿಸಿರುವುದು ಅಲ್ಲಿದೆ. ಮನೆಯಲ್ಲಿ ದಯವಿಟ್ಟು ಎನ್ನಲು, ಕೃತಜ್ಞತೆ ಹೇಳಲು, ಕ್ಷಮೆ ಕೇಳಲು ಕಲಿಯಬೇಕೆಂಬ ಸರಳ ಉಪದೇಶವೂ ಅಲ್ಲಿಯೇ ಇದೆ. ಯುವಕರಿಗಾಗಿ 2011ರಲ್ಲಿ ಬಂದ ಯೂಕ್ಯಾಟ್ ಎಂಬ ಧರ್ಮೋಪದೇಶ 527 ಪ್ರಶ್ನೋತ್ತರಗಳ ರೂಪದಲ್ಲಿದೆ. ಪ್ರಶ್ನೋತ್ತರದ ಜ್ಞಾನೋಪದೇಶ ಹಳೆಯದಾಯಿತೆಂದು ಮೂಲೆಗೆ ಸರಿಸಿದ ಮೇಲೆ ಅದೇ ರೂಪ ಬಣ್ಣದ ಹೊದಿಕೆಯಲ್ಲಿ ಮರಳಿ ಬಂದುದನ್ನು ಕಂಡು ನಮ್ಮ ಅಜ್ಜಿಯರು ನಕ್ಕಾರು.

ಆದರೆ ಈವರೆಗೆ ಹೆಸರಿಸಿದ ಹೊಸ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನವು. 2018ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಗಿ 2020ರಿಂದ ಭಾರತದ ಇಂಗ್ಲಿಷ್ ಬಲಿಪೂಜೆಯ ವಾಚನಗಳಿಗೆ ಆಧಾರವಾದ ಬೈಬಲೂ ಸಹಜವಾಗಿ ಇಂಗ್ಲಿಷಿನದೇ. ಮೊಮ್ಮಗನು ಇಂಗ್ಲಿಷಿನಲ್ಲಿ ಓದುತ್ತಾನೆ, ಅಜ್ಜಿ ಕನ್ನಡದಲ್ಲಿ ಜಪಿಸುತ್ತಾಳೆ. ಒಂದೇ ಸೂರಿನಡಿ ಎರಡು ಪ್ರಾರ್ಥನೆಗಳು, ನಡುವೆ ಸೇತುವೆಯಿಲ್ಲ. ಸಂತ ಪೌಲರು ತಿಮೊಥೇಯನಿಗೆ ಬರೆಯುವಾಗ ಅವನ ವಿಶ್ವಾಸದ ಮೂಲವನ್ನು ಅಜ್ಜಿ ಲೋವಿ ಹಾಗೂ ತಾಯಿ ಯೂನಿಕೆಯರಲ್ಲಿ ಕಾಣುತ್ತಾರೆ. ಆ ಅಜ್ಜಿಯನ್ನು ಹೊರಗಿಟ್ಟು ನಡೆಸುವ ಬೈಬಲ್ ಅಧ್ಯಯನವು ಎಷ್ಟೇ ಆಧುನಿಕವಾಗಿದ್ದರೂ ಕುಟುಂಬದ ಅಧ್ಯಯನವಾಗಲಾರದು.

ಆದುದರಿಂದ ನಮ್ಮ ಸಲಹೆ ಇದು. ಕುಟುಂಬದ ಓದು ಕನ್ನಡದಲ್ಲಿರಲಿ. ಸಂತ ಮಾರ್ಕರ ಶುಭಸಂದೇಶದಿಂದ ಆರಂಭವಾಗಲಿ. ನಾಲ್ಕರಲ್ಲಿ ಅದೇ ಚಿಕ್ಕದು, 16 ಅಧ್ಯಾಯಗಳು. ಕಥೆ ಎಲ್ಲಿಯೂ ನಿಲ್ಲದೆ ಓಡುತ್ತದೆ. ಗಟ್ಟಿಯಾಗಿ ಓದುವವರು ಮಕ್ಕಳೇ ಆಗಲಿ. ಇಂಗ್ಲಿಷ್ ಶಾಲೆಯ ಮಗು ಕನ್ನಡದ ಒತ್ತಕ್ಷರಗಳಲ್ಲಿ ತಡವರಿಸುತ್ತದೆ, ನಿಜ. ತಡವರಿಸಲಿ. ಕಣ್ಣು ಮಂಜಾದ ಅಜ್ಜಿ ಪಕ್ಕದಲ್ಲಿ ಕುಳಿತು ಉಚ್ಚಾರಣೆ ತಿದ್ದಲಿ, ಗೊತ್ತಿಲ್ಲದ ಪದಕ್ಕೆ ಅರ್ಥ ಹೇಳಲಿ. ಒಂದು ಅಧ್ಯಾಯ ಮುಗಿದ ಮೇಲೆ ಎರಡು ನಿಮಿಷ ಮೌನ. ಅನಂತರ ಮನಸ್ಸಿಗೆ ತಾಗಿದ ಒಂದು ಮಾತನ್ನು ಒಬ್ಬೊಬ್ಬರೂ ಹೇಳುವುದು. ಕಡೆಗೆ ಚಿಕ್ಕದೊಂದು ಪ್ರಾರ್ಥನೆ. 12ನೆಯ ಶತಮಾನದ ಸನ್ಯಾಸಿ ಗಿಗೋ ವಾಚನ, ಧ್ಯಾನ, ಪ್ರಾರ್ಥನೆ, ದೈವದರ್ಶನ ಎಂದು ನಾಲ್ಕು ಮೆಟ್ಟಿಲುಗಳ ಏಣಿಯನ್ನು ವಿವರಿಸಿದ್ದರು; ನಮ್ಮ ಅಡುಗೆಮನೆಯ ಪಕ್ಕದ ಚಾಪೆಯ ಮೇಲೆ ಮೊದಲ ಮೂರನ್ನು ಹತ್ತಿದರೂ ಸಾಕು. ನಾಲ್ಕನೆಯದನ್ನು ದೇವರೇ ನೋಡಿಕೊಳ್ಳುತ್ತಾರೆ. ಇದಕ್ಕಾಗಿ ಜಪಸರವನ್ನು ಬಿಡುವುದು ಬೇಡ. ಜಪಸರದ ರಹಸ್ಯಗಳೂ ಬಹುಪಾಲು ಶುಭಸಂದೇಶದ ಪುಟಗಳೇ. ರಾತ್ರಿ ಪಾಳಿಯ ಕೆಲಸದವರಿಗೆ, ದೂರದೂರಿನ ಹಾಸ್ಟೆಲುಗಳಲ್ಲಿರುವ ಮಕ್ಕಳಿಗೆ ಕೇಳುವ ಬೈಬಲುಗಳು ಉಪಯುಕ್ತ. 2021ರ ಜನವರಿ 1ರಂದು ಅಮೆರಿಕದ ಗುರು ಮೈಕ್ ಷ್ಮಿಟ್ಜ್‌ರು 365 ಭಾಗಗಳಲ್ಲಿ ಆರಂಭಿಸಿದ ಬೈಬಲ್ ವಾಚನವನ್ನು ಅಸಂಖ್ಯಾತರು ಮೊಬೈಲಿನಲ್ಲಿ ಕೇಳಿದರು. ಓವಿಗಳನ್ನು ಕೇಳಿ ಕಲಿತ ನಮ್ಮ ಪೂರ್ವಜರಿಗೆ ಈ ವಿಧಾನ ಅಪರಿಚಿತವೆನಿಸುತ್ತಿರಲಿಲ್ಲ.

ಕನ್ನಡದಲ್ಲಿ ಸಂಸಾರಸ್ಥರ ಕೈಗೆಟುಕುವ, ದೊಡ್ಡ ಅಕ್ಷರದ, ಕಡಿಮೆ ಬೆಲೆಯ ಟಿಪ್ಪಣಿ ಪುಸ್ತಿಕೆಗಳು ಇನ್ನೂ ಸಾಕಷ್ಟಿಲ್ಲ. ಈ ಧರ್ಮಕೇಂದ್ರದಲ್ಲಿ ಕನ್ನಡ ಉಪಾಧ್ಯಾಯರಿದ್ದಾರೆ, ನಿವೃತ್ತರಿದ್ದಾರೆ, ದೈವಶಾಸ್ತ್ರ ಓದಿದ ಭಗಿನಿಯರಿದ್ದಾರೆ. ಭಾನುವಾರದ ಶುಭಸಂದೇಶಕ್ಕೆ ಒಂದೇ ಹಾಳೆಯ ವಿವರಣೆಯನ್ನು ವಾರವಾರವೂ ಸಿದ್ಧಪಡಿಸಿ, ಗುರುಗಳಿಗೆ ತೋರಿಸಿ, ಮನೆಮನೆಗೆ ಹಂಚುವುದು ಇವರಿಗೆ ಅಸಾಧ್ಯವಲ್ಲ. ಶತಮಾನೋತ್ಸವದ ದೀಪಾಲಂಕಾರ ಇಳಿದ ಮೇಲೂ ಈ ಕೆಲಸ ನಡೆಯಬಹುದು.

ಸಭಾಂಗಣದ ಹಿಂಬದಿಯ ಮೇಜಿನ ಮೇಲೆ ಕೆಲವು ಪುಸ್ತಕಗಳನ್ನು ಇಡಲಾಗಿದೆ. ಕೊಳ್ಳಲೇಬೇಕೆಂದಿಲ್ಲ, ಕೈಗೆತ್ತಿಕೊಂಡು ನೋಡಿರಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೇ ಕರೆತಂದು ಅಕ್ಷರದ ಗಾತ್ರ ಕಾಣುತ್ತದೆಯೇ ಎಂದು ಕೇಳಿ ಆರಿಸುವುದು ಲೇಸು. ಮನೆಯಲ್ಲಿ ಈಗಾಗಲೇ ಕನ್ನಡ ಬೈಬಲ್ ಇರುವವರು ಇಂದು ಏನನ್ನೂ ಕೊಳ್ಳಬೇಕಾಗಿಲ್ಲ. ಕಪಾಟಿನ ಬೀಗದ ಕೈ ಎಲ್ಲಿದೆಯೆಂದು ಹುಡುಕಿದರೆ ಸಾಕು.